ಪ್ರಯಾಣದಲ್ಲಿ ಹೊಟ್ಟೆಯ ಜೋಪಾನ

ಮಳೆ ಹಿಡಿಯಿತೆಂದರೆ ನಮ್ಮವರ ಮನೆಗಳಲ್ಲಿ ಒಂದು ಮಾತು ತಪ್ಪದೆ ಕೇಳಿಬರುತ್ತದೆ: “ನೀರು ಒಗ್ಗಲಿಲ್ಲ.” ಊರಿನಿಂದ ಹೊಸದಾಗಿ ಬಂದ ಹುಡುಗ ನಾಲ್ಕನೆಯ ದಿನ ಹೊಟ್ಟೆ ಹಿಡಿದುಕೊಂಡು ಮಲಗಿದರೆ ಅವನಿಗೆ ಅಹಮದಾಬಾದಿನ ನೀರು ಒಗ್ಗಲಿಲ್ಲ. ಹತ್ತು ವರ್ಷ ಸೂರತ್ತಿನಲ್ಲಿದ್ದವನು ರಜೆಯ ಮೇಲೆ ವಿಜಯಪುರದ ಕಡೆಗೆ ಹೋಗಿ ಮಲಗಿದರೆ ಅವನಿಗೆ ಹುಟ್ಟೂರಿನ ನೀರೇ ಒಗ್ಗಲಿಲ್ಲ. ಗುಜರಾತಿ ನೆರೆಯವರೂ “ಪಾಣಿ ಲಾಗ್ಯುಂ” ಎಂದು ತಲೆಯಾಡಿಸುತ್ತಾರೆ. ಈ ಮಾತಿನಲ್ಲಿ ಯಾರ ತಪ್ಪೂ ಇಲ್ಲ; ಯಾರೂ ಮಾಡಬೇಕಾದ ಕೆಲಸವೂ ಇಲ್ಲ. ಅದಕ್ಕೇ ಇದು ಎಲ್ಲರಿಗೂ ಹಿಡಿಸಿದೆ ಎಂದು ತೋರುತ್ತದೆ.

ಆದರೆ ಲೆಕ್ಕ ಹಾಕಿ ನೋಡಿದರೆ ಈ ಮಾತು ನಮಗೆ ಬಹಳ ತುಟ್ಟಿಯಾಗಿದೆ. ದಿನಗೂಲಿಯವನಿಗೆ ನಾಲ್ಕು ದಿನದ ಭೇದಿಯೆಂದರೆ ನಾಲ್ಕು ದಿನದ ಕೂಲಿ ಹೋದಂತೆ. ಹೋಟೆಲಿನಲ್ಲಿ ದುಡಿಯುವ ಹುಡುಗನಿಗೆ ಟೈಫಾಯ್ಡ್ ಬಂದರೆ ಅವನ ಜಾಗದಲ್ಲಿ ಇನ್ನೊಬ್ಬ ಬಂದು ನಿಂತಿರುತ್ತಾನೆ. ಗುಮಾಸ್ತರಿಗೆ ಕಾಯಿಲೆ ರಜೆ ಉಂಟು, ನಿಜ; ಆದರೆ ಕಾಮಾಲೆ ಆರು ವಾರ ಮಲಗಿಸಿತೆಂದರೆ ಆ ರಜೆಯೂ ತೀರುತ್ತದೆ. ಮಕ್ಕಳ ವಿಷಯದಲ್ಲಿ ನಷ್ಟ ರೂಪಾಯಿಯಲ್ಲಿ ಎಣಿಸುವಂಥದಲ್ಲ. ಹಾಗಾಗಿ ಊರಿಗೆ ಹೋಗಿಬರುವ ದಿನಗಳಲ್ಲಿ ಹೊಟ್ಟೆ ಏಕೆ ಕೆಡುತ್ತದೆ, ಅದನ್ನು ಹೇಗೆ ತಪ್ಪಿಸಬಹುದು, ಕೆಟ್ಟ ಮೇಲೆ ಮೊದಲ ಗಂಟೆಯಲ್ಲೇ ಏನು ಮಾಡಬೇಕು ಎಂಬುದನ್ನು ವಾಚಕರ ಮುಂದಿಡುತ್ತಿದ್ದೇನೆ.

ಮೊದಲಿಗೆ ಹಳೆಯ ಮಾತಿಗೆ ಸಲ್ಲಬೇಕಾದ ನ್ಯಾಯವನ್ನು ಸಲ್ಲಿಸೋಣ. ನೀರು ಬದಲಾದರೆ ಹೊಟ್ಟೆ ಸ್ವಲ್ಪ ಸಡಿಲವಾಗುವುದುಂಟು. ಉತ್ತರ ಗುಜರಾತಿನ ಅನೇಕ ಕಡೆ ಕೊಳವೆ ಬಾವಿಯ ನೀರು ಉಪ್ಪುಪ್ಪಾಗಿದೆ, ಗಡುಸಾಗಿದೆ. ಅಂಥ ನೀರಿನಲ್ಲಿ ಮೆಗ್ನೀಸಿಯಂ, ಸಲ್ಫೇಟು ಹೆಚ್ಚಾಗಿದ್ದರೆ ಹೊಸಬರಿಗೆ ಒಂದೆರಡು ದಿನ ಜುಲಾಬು ತೆಗೆದುಕೊಂಡಂತೆ ಆಗುತ್ತದೆ. ಆಮೇಲೆ ಶರೀರ ಹೊಂದಿಕೊಳ್ಳುತ್ತದೆ. ಇಷ್ಟು ಮಾತ್ರ ನಿಜವಾಗಿಯೂ ‘ನೀರು ಒಗ್ಗದಿರುವುದು’. ಇದರಲ್ಲಿ ಜ್ವರವಿಲ್ಲ, ವಾಂತಿಯಿಲ್ಲ, ರಕ್ತವಿಲ್ಲ, ಮನುಷ್ಯ ಮೇಲೇಳದ ಹಾಗೆ ಬೀಳುವುದೂ ಇಲ್ಲ.

ಮಲಗಿಸುವ ಭೇದಿಯ ಕಾರಣ ಬೇರೆ, ಅದನ್ನು ಹೇಳಲು ಸ್ವಲ್ಪ ಸಂಕೋಚ. ಒಬ್ಬನ ಮಲದಲ್ಲಿದ್ದ ರೋಗಾಣು ಇನ್ನೊಬ್ಬನ ಬಾಯಿಗೆ ಹೋಗಿದೆ, ಅಷ್ಟೆ. ನೀರಿನ ಮೂಲಕವೋ, ನೊಣದ ಕಾಲಿನ ಮೂಲಕವೋ, ಅಡಿಗೆ ಮಾಡಿದವನ ಉಗುರಿನ ಮೂಲಕವೋ, ಅಥವಾ ತನ್ನದೇ ಕೈಯ ಮೂಲಕವೋ ಅದು ಬಂದಿರುತ್ತದೆ. ಕಾಲರಾ, ಟೈಫಾಯ್ಡ್, ಆಮಶಂಕೆ, ನೀರಿನಿಂದ ಬರುವ ಕಾಮಾಲೆ ಇವೆಲ್ಲಕ್ಕೂ ದಾರಿ ಒಂದೇ. ಆ ದಾರಿಯನ್ನು ಎಲ್ಲಿ ಬೇಕಾದರೂ ಕಡಿಯಬಹುದು ಎಂಬುದೇ ನಮ್ಮ ಅದೃಷ್ಟ.

“ಹಾಗಾದರೆ ಇದೇ ಊರಿನವರಿಗೆ ಏಕೆ ಆಗುವುದಿಲ್ಲ?” ಎಂದು ಕೇಳುವವರುಂಟು. ಸರಿಯಾದ ಪ್ರಶ್ನೆ. ಅಮೆರಿಕದಿಂದ ಮೆಕ್ಸಿಕೋ ದೇಶಕ್ಕೆ ಪ್ರವಾಸ ಹೋಗುವವರಲ್ಲಿ ಬಹು ಮಂದಿಗೆ ಮೊದಲ ವಾರದಲ್ಲೇ ಭೇದಿ ಹಿಡಿಯುತ್ತದೆ. ಅದಕ್ಕೆ ಅವರು ತಮಾಷೆಗೆ ‘ಮಾಂಟೆಜುಮನ ಸೇಡು’ ಎಂದು ಹೆಸರಿಟ್ಟಿದ್ದಾರೆ. ೧೫೧೯ರಲ್ಲಿ ಸ್ಪೇನಿನವರು ದಂಡೆತ್ತಿ ಬಂದಾಗ ಅಲ್ಲಿ ಆಳುತ್ತಿದ್ದ ಅರಸನ ಹೆಸರು ಅದು. ರಾಜ್ಯ ಕಳೆದುಕೊಂಡವನು ಹೊಟ್ಟೆಯ ಮೂಲಕ ಹಗೆ ತೀರಿಸುತ್ತಿದ್ದಾನಂತೆ! ನಮ್ಮ ‘ನೀರು ಒಗ್ಗಲಿಲ್ಲ’ ಎಂಬುದಕ್ಕೂ ಇದಕ್ಕೂ ಬಹಳ ಅಂತರವಿಲ್ಲ. ೧೯೭೦ರ ದಶಕದಲ್ಲಿ ವೈದ್ಯರು ಹುಡುಕಿ ನೋಡಿದಾಗ ಸಿಕ್ಕಿದ ಮುಖ್ಯ ಅಪರಾಧಿ ಈ-ಕೋಲೈ ಎಂಬ ರೋಗಾಣುವಿನ ವಿಷಕಾರುವ ಒಂದು ಜಾತಿ. ಅಲ್ಲಿಯ ನಿವಾಸಿಗಳು ಚಿಕ್ಕಂದಿನಲ್ಲೇ ಅದಕ್ಕೆ ಸಿಕ್ಕಿ, ನರಳಿ, ತಡೆದುಕೊಳ್ಳುವ ಶಕ್ತಿಯನ್ನು ಪಡೆದಿರುತ್ತಾರೆ. ಬಂದವರಿಗೆ ಅದು ಇರುವುದಿಲ್ಲ. ಇಲ್ಲಿಯೂ ಹಾಗೆಯೇ. ಊರಿನವರಿಗೆ ಆಗುವುದಿಲ್ಲವೆಂಬುದರಿಂದ ನೀರು ಶುದ್ಧವೆಂದಾಗಲಿಲ್ಲ. ಅವರು ತಮ್ಮ ಪಾಲನ್ನು ಬಾಲ್ಯದಲ್ಲೇ ಅನುಭವಿಸಿ ಮುಗಿಸಿದ್ದಾರೆ ಎಂದಾಯಿತು. ಈ ಶಕ್ತಿ ಜೀವಮಾನವಿಡೀ ನಿಲ್ಲುವಂಥದೂ ಅಲ್ಲ. ಆದುದರಿಂದಲೇ ಹತ್ತು ವರ್ಷ ಹೊರಗಿದ್ದು ಹಳ್ಳಿಗೆ ಹಿಂದಿರುಗಿದವನು ಅಲ್ಲಿ ಹೊಸಬನಂತೆಯೇ ಮಲಗುತ್ತಾನೆ.

ಇನ್ನೊಂದು ತಪ್ಪು ಲೆಕ್ಕವನ್ನೂ ಇಲ್ಲಿಯೇ ತಿದ್ದಿಕೊಳ್ಳಬೇಕು. ಯಾವ ಊರಿನಲ್ಲಿ ಮಲಗಿದೆವೋ ಆ ಊರಿನ ನೀರನ್ನು ಬಯ್ಯುವುದು ನಮ್ಮ ಪದ್ಧತಿ. ರೋಗಗಳು ಹಾಗೆ ನಡೆಯುವುದಿಲ್ಲ. ಕೆಟ್ಟ ತಿಂಡಿಯಲ್ಲಿ ಮೊದಲೇ ಉತ್ಪತ್ತಿಯಾಗಿದ್ದ ವಿಷ ಒಂದರಿಂದ ಆರು ಗಂಟೆಯೊಳಗೆ ವಾಂತಿ ಮಾಡಿಸುತ್ತದೆ. ಸಾಮಾನ್ಯ ಭೇದಿಯ ರೋಗಾಣುಗಳು ಒಂದು ದಿನದಿಂದ ಮೂರು ದಿನ ತೆಗೆದುಕೊಳ್ಳುತ್ತವೆ. ಟೈಫಾಯ್ಡ್ ಒಂದರಿಂದ ಮೂರು ವಾರ. ಹೆಪಟೈಟಿಸ್-ಈ ಎಂಬ ಕಾಮಾಲೆಯಂತೂ ಎರಡರಿಂದ ಹತ್ತು ವಾರ. ಸಾಮಾನ್ಯವಾಗಿ ಐದಾರು ವಾರ. ಅಂದರೆ ಸೂರತ್ತಿನಲ್ಲಿ ಇಳಿದ ದಿನವೇ ಭೇದಿಯಾದರೆ ಅಪರಾಧ ಸೂರತ್ತಿನದಲ್ಲ, ಹಿಂದಿನ ನಿಲ್ದಾಣದ್ದು ಅಥವಾ ಬುತ್ತಿಯದು. ಗಣೇಶನ ಹಬ್ಬಕ್ಕೆ ಊರಿಗೆ ಹೋಗಿ ಕುಡಿದ ನೀರು ದೀಪಾವಳಿಯ ಹೊತ್ತಿಗೆ ಇಲ್ಲಿ ಕಣ್ಣನ್ನು ಹಳದಿ ಮಾಡಬಹುದು.

ಈಗ ನಮ್ಮ ಮೂರು ಊರುಗಳ ನೀರಿನ ಮಾತು. ಅಹಮದಾಬಾದಿನ ಮೊದಲ ಬಟ್ಟೆಯ ಗಿರಣಿಯನ್ನು ೧೮೬೧ರಲ್ಲಿ ನಡೆಸತೊಡಗಿದ ರಣಛೋಡಲಾಲ್ ಛೋಟಾಲಾಲರೇ ಮುಂದೆ ಮುನಿಸಿಪಾಲಿಟಿಯ ಅಧ್ಯಕ್ಷರಾಗಿ ಕೊಳಾಯಿ ನೀರಿಗೂ ಒಳಚರಂಡಿಗೂ ಹೋರಾಡಿದವರು. ಕರದ ಭಯದಿಂದಲೂ ಮಡಿಯ ಭಯದಿಂದಲೂ ಪಟ್ಟಣಿಗರು ಅವರನ್ನು ಬಹಳವಾಗಿ ವಿರೋಧಿಸಿದರು. ಕೊನೆಗೆ ೧೮೯೧ರಲ್ಲಿ ದೂಧೇಶ್ವರದಿಂದ ಸಾಬರಮತಿಯ ನೀರು ಕೊಳಾಯಿಗೆ ಬಂತು. ವಡೋದರಾದಲ್ಲಿ ಸಯಾಜಿರಾವ್ ಗಾಯಕವಾಡ ಮಹಾರಾಜರು ಆಜವಾದ ಕೆರೆ ಕಟ್ಟಿಸಿ ೧೮೯೨ರಲ್ಲಿ ನಗರಕ್ಕೆ ನೀರು ತಂದರು. ಸೂರತ್ತಿಗೆ ತಾಪಿ ನದಿಯೇ ತಾಯಿ. ಅಹಮದಾಬಾದಿಗೆ ಈಗ ಬರುವುದು ಹೆಚ್ಚಾಗಿ ನರ್ಮದೆಯ ಕಾಲುವೆಯ ನೀರು. ಈ ನೀರನ್ನೆಲ್ಲ ಶೋಧಿಸಿ, ಕ್ಲೋರಿನ್ ಬೆರೆಸಿಯೇ ಬಿಡುತ್ತಾರೆ. ನೀರಿನ ಮನೆಯಿಂದ ಹೊರಡುವಾಗ ಅದು ಕುಡಿಯಲು ಯೋಗ್ಯವಾಗಿಯೇ ಇರುತ್ತದೆ.

ಕೆಡುವುದು ದಾರಿಯಲ್ಲಿ. ನಮ್ಮ ಚಾಳಿಗಳಲ್ಲಿ ನೀರು ದಿನವಿಡೀ ಬರುವುದಿಲ್ಲ. ಬೆಳಿಗ್ಗೆ ಒಂದೆರಡು ಗಂಟೆ ಬಂದು ನಿಲ್ಲುತ್ತದೆ. ನೀರು ನಿಂತಾಗ ಕೊಳವೆಯೊಳಗೆ ಒತ್ತಡವಿರುವುದಿಲ್ಲ. ಎಲ್ಲೋ ಒಂದು ಕೀಲು ಸಡಿಲವಾಗಿದ್ದು, ಪಕ್ಕದಲ್ಲೇ ಒಳಚರಂಡಿ ಸೋರುತ್ತಿದ್ದರೆ ಆ ಕೊಳಚೆ ಕೊಳವೆಯೊಳಕ್ಕೆ ಇಳಿಯುತ್ತದೆ. ಬೀದಿಯ ಮನೆಯವರೆಲ್ಲ ಕೊಳಾಯಿಗೇ ನೇರವಾಗಿ ಮೋಟಾರು ಹಚ್ಚಿ ಎಳೆದರೆ ಇನ್ನೂ ಬಲವಾಗಿ ಹೀರಿಕೊಳ್ಳುತ್ತದೆ. ಮರುದಿನ ನೀರು ಬಿಟ್ಟಾಗ ಮೊದಲು ಬರುವುದು ಇದೇ. ಆದುದರಿಂದ ಮೊದಲ ಬಕೀಟು ಕುಡಿಯಲು ಹಿಡಿಯಬಾರದು. ಅದು ನೆಲ ತೊಳೆಯಲಿ. ನೀರಿಗಾಗಿ ಜಗಳವಾಡುವ ಚಾಳಿಯಲ್ಲಿ ಮೊದಲ ಬಕೀಟನ್ನು ಬಿಡಿ ಎಂದು ಹೇಳುವುದು ಸುಲಭವಲ್ಲವೆಂದು ಬಲ್ಲೆ. ಆದರೂ ಹೇಳಲೇಬೇಕು. ಅಹಮದಾಬಾದಿನ ಹಳೆಯ ಪೋಳ್‌ಗಳ ಮನೆಗಳಲ್ಲಿ ನೆಲದಡಿಯ ‘ಟಾಂಕಾ’ಗಳನ್ನು ನೋಡಿದವರಿಗೆ ಇದು ಹೊಸದಲ್ಲ. ಮಾಳಿಗೆಯ ಮೇಲೆ ಬಿದ್ದ ಮೊದಲ ಮಳೆಯನ್ನು ಹೊರಗೆ ಹರಿಯಬಿಟ್ಟು, ಆಮೇಲಿನ ಮಳೆಯನ್ನೇ ಅವರು ಟಾಂಕಾಕ್ಕೆ ತಿರುಗಿಸುತ್ತಿದ್ದರು.

ಕ್ಲೋರಿನ್ನಿನ ವಾಸನೆಯ ನೀರನ್ನು ನಮ್ಮವರು ಕೆಲವರು “ಔಷಧದ ನೀರು” ಎಂದು ಮೂಗು ಮುರಿದು, ಪಕ್ಕದ ಬೋರಿನ ನೀರನ್ನು ತುಂಬಿಕೊಳ್ಳುತ್ತಾರೆ. ಇದು ತಲೆಕೆಳಗು. ಆ ಮಂದವಾದ ವಾಸನೆ ಒಂದು ಕಾವಲುಗಾರನಿದ್ದಂತೆ. ಮಳೆಗಾಲದಲ್ಲಿ ಆ ವಾಸನೆ ಇದ್ದಕ್ಕಿದ್ದಂತೆ ಇಲ್ಲವಾಗಿ, ನೀರು ಕಲಕಾಗಿ ಬಂದರೆ ಅಂದೇ ಕುದಿಸಲು ತೊಡಗಬೇಕು, ಮುನಿಸಿಪಾಲಿಟಿಯ ವಾರ್ಡ್ ಕಚೇರಿಗೆ ಸುದ್ದಿ ಮುಟ್ಟಿಸಬೇಕು.

ಕುದಿಸುವುದೆಂದರೆ ಬಿಸಿ ಮಾಡುವುದಲ್ಲ. ನೀರು ಗುಳುಗುಳು ಕುದಿ ಬಂದ ಮೇಲೆ ಒಂದು ನಿಮಿಷ ಹಾಗೆಯೇ ಬಿಟ್ಟರೆ ಸಾಕು; ಬಯಲುಸೀಮೆಗೆ ಇದಕ್ಕಿಂತ ಹೆಚ್ಚು ಬೇಡ. ಹತ್ತು ನಿಮಿಷ, ಇಪ್ಪತ್ತು ನಿಮಿಷ ಎಂದು ಹೇಳಿ ಗ್ಯಾಸು ಸುಡಿಸುವವರ ಮಾತಿಗೆ ಹೆದರಿ ಬಡವರು ಕುದಿಸುವುದನ್ನೇ ಬಿಡುತ್ತಾರೆ. ಗ್ಯಾಸೂ ಇಲ್ಲದ ಕಟ್ಟಡದ ಕೆಲಸದ ಬಿಡಾರಗಳಲ್ಲಿ ಔಷಧದ ಅಂಗಡಿಯ ಕ್ಲೋರಿನ್ ಮಾತ್ರೆ ಹಿಡಿದರೂ ಆದೀತು. ಎಷ್ಟು ನೀರಿಗೆ ಒಂದು ಮಾತ್ರೆ ಎಂದು ಅದರ ಮೇಲೆಯೇ ಬರೆದಿರುತ್ತದೆ. ಹಾಕಿ ಅರ್ಧ ಗಂಟೆ ಕಾಯಬೇಕು. ನೀರು ಕಲಕಾಗಿದ್ದರೆ ಮೊದಲು ಬಟ್ಟೆಯಲ್ಲಿ ಸೋಸಿಕೊಳ್ಳಬೇಕು, ಇಲ್ಲವಾದರೆ ಮಾತ್ರೆಯ ಶಕ್ತಿಯೆಲ್ಲ ಕೆಸರಿಗೇ ಖರ್ಚಾಗುತ್ತದೆ.

ಬಟ್ಟೆಯ ಮಾತು ಬಂತು. ಗುಜರಾತಿಗಳ ಮನೆಯಲ್ಲಿ, ಅದರಲ್ಲಿಯೂ ಜೈನರಲ್ಲಿ, ‘ಗಳಣುಂ’ ಕಟ್ಟಿ ನೀರು ಸೋಸದೆ ಕುಡಿಯುವುದಿಲ್ಲ. ಅದು ಧರ್ಮದ ಕಾರಣಕ್ಕೆ ಬಂದದ್ದು. ಆದರೆ ಬಾಂಗ್ಲಾದೇಶದಲ್ಲಿ ರೀಟಾ ಕಾಲ್ವೆಲ್ ಎಂಬ ವಿಜ್ಞಾನಿಯೂ ಅವರ ಸಂಗಡಿಗರೂ ಹಳ್ಳಿಯ ಹೆಂಗಸರಿಗೆ ಹಳೆಯ ಹತ್ತಿಯ ಸೀರೆಯನ್ನು ಹಲವು ಪದರ ಮಡಿಸಿ ಸೋಸಲು ಹೇಳಿಕೊಟ್ಟು ನೋಡಿದಾಗ ಕಾಲರಾ ಸುಮಾರು ಅರ್ಧಕ್ಕೆ ಇಳಿಯಿತೆಂದು ೨೦೦೩ರಲ್ಲಿ ಪ್ರಕಟವಾಯಿತು. ಕಾಲರಾದ ರೋಗಾಣು ನೀರಿನ ಕಿರುಹುಳುಗಳ ಮೈಗೆ ಅಂಟಿಕೊಂಡಿರುತ್ತದೆ. ಹುಳು ಸೀರೆಯಲ್ಲಿ ನಿಂತರೆ ರೋಗಾಣುವೂ ನಿಲ್ಲುತ್ತದೆ. ಕಾಮಾಲೆಯ ವೈರಸ್ಸಿಗೆ ಮಾತ್ರ ಸೀರೆಯ ಹಂಗಿಲ್ಲ, ದಾಟಿಹೋಗುತ್ತದೆ. ಹಾಗಾಗಿ ಸೋಸುವುದು ಕುದಿಸುವುದರ ಬದಲಿಗೆ ಅಲ್ಲ.

ಗುಜರಾತಿ ಮನೆಗಳಿಂದ ನಾವು ಕಲಿಯಬೇಕಾದ ಇನ್ನೊಂದು ವಸ್ತು ‘ಡೋಯೋ’. ನೀರಿನ ಮಡಕೆಗಳನ್ನಿಡುವ ಕಟ್ಟೆಗೆ ಅವರು ‘ಪಾಣಿಯಾರುಂ’ ಎನ್ನುತ್ತಾರೆ. ಅದರ ಪಕ್ಕದಲ್ಲಿ ಉದ್ದ ಹಿಡಿಯ ಒಂದು ಸವಟು ತೂಗುಹಾಕಿರುತ್ತದೆ. ಅದರಿಂದಲೇ ಮೊಗೆದು ಲೋಟಕ್ಕೆ ಹೊಯ್ಯುತ್ತಾರೆ. ಬೆರಳು ನೀರಿಗೆ ತಗಲುವುದಿಲ್ಲ. ನಮ್ಮ ಕೋಣೆಗಳಲ್ಲಿ ಆರು ಜನ ಬ್ರಹ್ಮಚಾರಿಗಳು ಆರು ಲೋಟಗಳನ್ನು ಕೈ ಸಮೇತ ಮಡಕೆಯೊಳಗೆ ಅದ್ದುತ್ತಾರೆ. ಸಾವಿರಾರು ರೂಪಾಯಿಯ ಶೋಧಕ ಯಂತ್ರ ತಂದಿಟ್ಟು, ಅದರ ನೀರನ್ನು ತೊಳೆಯದ ಕೊಡದಲ್ಲಿ ತುಂಬಿ, ಹೀಗೆ ಕೈ ಅದ್ದಿದರೆ ಯಂತ್ರ ಏನು ಮಾಡೀತು? ಡೋಯೋ ಇಲ್ಲವೆ ನಲ್ಲಿಯಿರುವ ಮಡಕೆ, ಎರಡರಲ್ಲಿ ಒಂದು ಪ್ರತಿ ಕೋಣೆಯಲ್ಲಿಯೂ ಇರಲಿ.

ಇನ್ನು ರೈಲಿನ ಮಾತು. ಅಜ್ಮೀರ್–ಮೈಸೂರು ಗಾಡಿಯಲ್ಲಿ ಪುಣೆ, ಮೀರಜ್, ಬೆಳಗಾವಿ, ಹುಬ್ಬಳ್ಳಿಯ ಮೇಲೆ ಹೋಗುವವರಾಗಲಿ, ಕೊಂಕಣ ರೈಲಿನಲ್ಲಿ ಕಾರವಾರ, ಉಡುಪಿ, ಮಂಗಳೂರಿಗೆ ಇಳಿಯುವವರಾಗಲಿ, ಒಂದು ಇಡೀ ರಾತ್ರಿಯನ್ನೂ ಹೆಚ್ಚುಕಡಮೆ ಒಂದು ಹಗಲನ್ನೂ ಗಾಡಿಯಲ್ಲಿ ಕಳೆಯುತ್ತಾರೆ. ಡಬ್ಬಿಯ ತೊಟ್ಟಿಯ ನೀರು ಕೈ ತೊಳೆಯಲಿಕ್ಕೆ. ಅದರಿಂದ ಬಾಯಿ ಮುಕ್ಕಳಿಸುವುದೂ ಹಲ್ಲುಜ್ಜುವುದೂ ಬೇಡ. ಮನೆಯಿಂದ ಕುದಿಸಿ ಆರಿಸಿದ ನೀರನ್ನು ತಲೆಗೆ ಎರಡು ಮೂರು ಲೀಟರಿನಂತೆ ಒಯ್ಯುವುದು ಉತ್ತಮ. ತೀರಿದರೆ ನಿಲ್ದಾಣದ ಅಂಗಡಿಯಲ್ಲಿ ರೈಲ್‌ನೀರ್ ಕೇಳಿ. ರೈಲ್ವೆಯ ಸಂಸ್ಥೆಯೇ ೨೦೦೩ರಿಂದ ತಯಾರಿಸುತ್ತಿರುವ ಬಾಟಲಿಯದು. ಯಾವ ಬಾಟಲಿಯಾದರೂ ಮುಚ್ಚಳ ತಿರುಗಿಸುವಾಗ ಉಂಗುರ ಚಟ್ಟನೆ ಬಿಡಬೇಕು. ಬಿಡದಿದ್ದರೆ ಅದು ಹಳಿಯ ಪಕ್ಕ ಆಯ್ದು, ಯಾವುದೋ ನಲ್ಲಿಯಲ್ಲಿ ತುಂಬಿದ್ದಾಗಿರಬಹುದು. ಕುಡಿದ ಮೇಲೆ ಬಾಟಲಿಯನ್ನು ಹಿಚುಕಿ ಎಸೆಯಿರಿ. ನಿಮ್ಮ ಖಾಲಿ ಬಾಟಲಿ ಇನ್ನೊಬ್ಬರಿಗೆ ಮಾರಾಟವಾಗದಿರಲಿ.

ಸಾಬೂನಿನ ಒಂದು ತುಂಡನ್ನು ಡಬ್ಬಿಯಲ್ಲಿ ಹಾಕಿ ಜೇಬಿನಲ್ಲಿಟ್ಟುಕೊಂಡಿರಬೇಕು. ಶೌಚಕ್ಕೆ ಹೋಗಿಬಂದ ಮೇಲೆ, ಊಟಕ್ಕೆ ಮುಂಚೆ, ಮಗುವನ್ನು ತೊಳೆದ ಮೇಲೆ ಕೈ ತೊಳೆಯುವ ಅಭ್ಯಾಸವೊಂದರಿಂದಲೇ ಭೇದಿ ಮೂರರಲ್ಲಿ ಸುಮಾರು ಒಂದು ಪಾಲು ಕಡಿಮೆಯಾಗುತ್ತದೆಂದು ಅನೇಕ ದೇಶಗಳ ಪರೀಕ್ಷೆಗಳು ತೋರಿಸಿವೆ. ಇಷ್ಟು ಅಗ್ಗದ ಔಷಧ ಬೇರೊಂದಿಲ್ಲ.

ಬುತ್ತಿಯ ವಿಷಯ ಬರೆಯಲು ನನಗೆ ಹೆಚ್ಚು ಇಷ್ಟ. ನಮ್ಮ ಹಿರಿಯರು ರೋಗಾಣುವನ್ನು ಕಂಡವರಲ್ಲ, ಆದರೂ ದಾರಿಬುತ್ತಿಯನ್ನು ಬಲ್ಲವರಾಗಿದ್ದರು. ರೋಗಾಣು ಬೆಳೆಯಲು ತೇವ ಬೇಕು, ಬೆಚ್ಚಗಿನ ಹವೆ ಬೇಕು, ಹೊತ್ತು ಬೇಕು. ಹುಳಿ, ಉಪ್ಪು, ಒಣಗು ಅದಕ್ಕಾಗದು. ಉತ್ತರ ಕರ್ನಾಟಕದ ಖಡಕ್ ರೊಟ್ಟಿಯೂ ಶೇಂಗಾ ಚಟ್ನಿಪುಡಿಯೂ ವಾರಗಟ್ಟಲೆ ಕೆಡವು. ಮೈಸೂರು ಕಡೆಯ ಪುಳಿಯೋಗರೆಯಲ್ಲಿ ಹುಣಿಸೆ, ಉಪ್ಪು, ಎಣ್ಣೆ ಮೂರೂ ಸೇರಿ ಕಾವಲು ಕಾಯುತ್ತವೆ. ಗುಜರಾತಿಗಳ ಥೇಪ್ಲಾ ಇದೇ ಜಾಣತನದ್ದು. ಎಣ್ಣೆ ಹಚ್ಚಿ ಚೆನ್ನಾಗಿ ಬೇಯಿಸಿ, ತೇವ ಆರಿದ ಮೇಲೆ ಕಟ್ಟುತ್ತಾರೆ. ಯಾತ್ರೆಗೆ ಹೊರಟ ಗುಜರಾತಿ ಕುಟುಂಬದ ಬಳಿ ಅದು ಇಲ್ಲದಿರುವುದನ್ನು ನಾನು ಕಂಡಿಲ್ಲ. ಇದಕ್ಕೆ ವಿರುದ್ಧವಾಗಿ ತೆಂಗಿನಕಾಯಿ ಹಾಕಿದ ಚಿತ್ರಾನ್ನವೂ ಕಾಯಿಚಟ್ನಿಯೂ ಮಧ್ಯಾಹ್ನದೊಳಗೆ ಹಳಸುತ್ತವೆ. ಮೊಸರನ್ನ ಚೆನ್ನಾಗಿ ಹುಳಿಯಾಗಿದ್ದರೆ ಸ್ವಲ್ಪ ವಾಸಿ. ಹಾಲು ಬೆರೆಸಿ ಸಿಹಿ ಮಾಡಿದ್ದಾದರೆ ಬೇಗ ಉಂಡು ಮುಗಿಸಬೇಕು. ಬರಿಯ ಅನ್ನವನ್ನು ರಾತ್ರಿ ಮಾಡಿ ಬಿಸಿಬಿಸಿಯಾಗಿಯೇ ಡಬ್ಬಿಗೆ ಒತ್ತಿ ಮರುದಿನ ಉಣ್ಣುವುದು ಅಪಾಯ. ಒಂದು ಬಗೆಯ ರೋಗಾಣುವಿನ ಬೀಜ ಅನ್ನ ಬೇಯುವಾಗಲೂ ಸಾಯದೆ ಉಳಿದು, ಆ ಬೆಚ್ಚಗಿನಲ್ಲಿ ಮೊಳೆತು ವಿಷ ಕಾರುತ್ತದೆ. ಆ ವಿಷ ಮತ್ತೆ ಕಾಯಿಸಿದರೂ ಹೋಗದು. ಮಾವಾದ ಸಿಹಿತಿಂಡಿಗೂ ಹೀಗೆಯೇ. ಕಟ್ಟಿದವನ ಕೈಯಲ್ಲಿ ಗಾಯವಿದ್ದರೆ ಅದರ ವಿಷ ಪೇಡೆಯಲ್ಲಿರುತ್ತದೆ.

ಹೊರಗೆ ತಿನ್ನಬೇಕಾಗಿ ಬಂದರೆ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಇದು ನನ್ನ ಕಣ್ಣೆದುರಿಗೆ ಬೆಂಕಿಯಿಂದ ಇಳಿಯಿತೇ? ಬಾಣಲೆಯಿಂದ ಆಗತಾನೆ ತೆಗೆದ ಫಾಫಡಾ, ಹಬೆಯಾಡುವ ಸೂರತ್ತಿನ ಲೋಚೋ, ಇಡ್ಲಿ, ಕುದಿಯುವ ಚಹ, ಇವು ನಿರ್ಭಯ. ಅಪಾಯವೆಲ್ಲ ಪಕ್ಕದಲ್ಲಿ ಬಡಿಸುವ ಹಸಿ ವಸ್ತುಗಳಲ್ಲಿ: ಹಸಿ ಚಟ್ನಿ, ಹೆಚ್ಚಿಟ್ಟ ಈರುಳ್ಳಿ, ಪಪ್ಪಾಯಿಯ ಸಂಭಾರೋ. ಪಾಣಿಪುರಿಯಲ್ಲಿ ಪುರಿಗಿಂತ ಪಾಣಿಯೇ ಅಪಾಯ. ಮಾರುವವನ ಕೈ ಮೊಣಕೈವರೆಗೆ ಅದರಲ್ಲಿ ಮುಳುಗುವುದನ್ನು ನೋಡಿಯೂ ತಿನ್ನುವವರಿಗೆ ಈ ಲೇಖನ ಏನೂ ಮಾಡಲಾರದು. ಬರ್ಫಿನ ಗೋಳಾ, ಬರ್ಫು ಹಾಕಿದ ಕಬ್ಬಿನ ಹಾಲು ಮತ್ತು ಛಾಸ್ ಕೂಡ ಬೇಡ. ತಣ್ಣಗೆ ಹೆಪ್ಪುಗಟ್ಟಿದರೆ ರೋಗಾಣು ಸಾಯುತ್ತದೆಂಬುದು ಬರಿಯ ನಂಬಿಕೆ. ಅದು ನಿದ್ದೆ ಮಾಡಿ ನಿಮ್ಮ ಹೊಟ್ಟೆಯಲ್ಲಿ ಎಚ್ಚರಗೊಳ್ಳುತ್ತದೆ. ಹಣ್ಣಾದರೆ ನೀವೇ ಸುಲಿದು ತಿನ್ನುವಂಥದು ಕೊಳ್ಳಿ: ಬಾಳೆ, ಕಿತ್ತಳೆ.

ಇನ್ನು ಈ ಲೇಖನದಲ್ಲಿ ಬೇರೆಲ್ಲವನ್ನೂ ಮರೆತರೂ ಮರೆಯಬಾರದ ಒಂದು ವಿಷಯ. ೧೯೫೫ರ ಕೊನೆಯಲ್ಲಿ ದೆಹಲಿಯ ನಜಫ್‌ಗಢದ ನಾಲೆಯ ಕೊಳಚೆ ಯಮುನೆಯಲ್ಲಿ ಹಿಮ್ಮೆಟ್ಟಿ ವಜೀರಾಬಾದಿನ ನೀರೆತ್ತುವ ಸ್ಥಳಕ್ಕೆ ಬಂದು, ಸುಮಾರು ೨೯,೦೦೦ ಜನರಿಗೆ ಕಾಮಾಲೆಯಾಯಿತು. ಆಗ ಬೆರೆಸಿದ ಕ್ಲೋರಿನ್ನಿನಿಂದ ಟೈಫಾಯ್ಡ್ ಏಳಲಿಲ್ಲ, ಆದರೆ ಕಾಮಾಲೆಯ ವೈರಸ್ಸು ಅದನ್ನು ದಾಟಿಬಂತು. ನಮ್ಮ ಅಹಮದಾಬಾದಿನಲ್ಲಿಯೂ ೧೯೭೫-೭೬ರಲ್ಲಿ ನೀರಿನಿಂದ ಕಾಮಾಲೆ ಹಬ್ಬಿತ್ತು. ಗುಜರಾತಿಯಲ್ಲಿ ‘ಕಮಳೋ’ ಎನ್ನುವುದು ಇದನ್ನೇ. ಇಂಥ ಕಾಮಾಲೆಗೆ ಮುಖ್ಯ ಕಾರಣವಾದ ಹೆಪಟೈಟಿಸ್-ಈ ಗಂಡಸರಲ್ಲಿ ಸಾಧಾರಣವಾಗಿ ವಿಶ್ರಾಂತಿಯಿಂದ ಗುಣವಾಗುತ್ತದೆ. ಆದರೆ ಗರ್ಭಿಣಿಗೆ ಕೊನೆಯ ಮೂರು ತಿಂಗಳಲ್ಲಿ ಬಂದರೆ ನೂರಕ್ಕೆ ೨೦ರಿಂದ ೨೫ರವರೆಗೂ ಸಾವು ಸಂಭವಿಸಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಮ್ಮ ಸಂಪ್ರದಾಯವೇನು? ಏಳನೆಯ ತಿಂಗಳಲ್ಲಿ ಸೀಮಂತ ಮುಗಿಸಿ ಚೊಚ್ಚಲ ಹೆರಿಗೆಗೆ ತವರಿಗೆ ಕಳುಹಿಸುವುದು. ಅಂದರೆ ಸರಿಯಾಗಿ ಈ ಮೂರು ತಿಂಗಳ ಹೊಸ್ತಿಲಲ್ಲಿ ಅವಳನ್ನು ರೈಲು ಹತ್ತಿಸುತ್ತೇವೆ. ತವರಿಗೆ ಕಳುಹಿಸಬಾರದೆಂದು ನಾನು ಹೇಳುತ್ತಿಲ್ಲ. ಅವಳ ನೀರು ಮಾತ್ರ ಬೇರೆಯಾಗಿ ಕುದಿಸಿದ್ದಾಗಿರಲಿ, ದಾರಿಯಲ್ಲಿಯೂ ಸರಿ, ತವರಿನಲ್ಲಿಯೂ ಸರಿ. ತವರಿನವರು “ನಮ್ಮ ಬಾವಿಯ ನೀರು ಕುಡಿದೇ ಬೆಳೆದವಳು ಅವಳು” ಎಂದು ನೊಂದುಕೊಂಡಾರು. ಮಳೆಗಾಲವಾದರೆ ಆ ಮುಲಾಜು ಬೇಡ. ಮೂತ್ರ ಕಡು ಹಳದಿಯಾಗಿ, ಊಟ ಸೇರದೆ, ಕಣ್ಣು ಹಳದಿಯಾದರೆ ಮಂತ್ರ, ಬೇರು, ಬರೆ ಎಂದು ಒಂದು ದಿನವನ್ನೂ ಕಳೆಯದೆ ದೊಡ್ಡ ಆಸ್ಪತ್ರೆಗೆ ಒಯ್ಯಬೇಕು.

ಎಷ್ಟು ಜೋಪಾನ ಮಾಡಿದರೂ ಕೆಲವೊಮ್ಮೆ ಹೊಟ್ಟೆ ಕೆಡುತ್ತದೆ. ಆಗ ನಮ್ಮ ಅಜ್ಜಿಯಂದಿರು, “ನೀರ್ ಕುಡಸಬ್ಯಾಡವಾ, ಮತ್ತಷ್ಟ ಹರಿತದ” ಎನ್ನುತ್ತಾರೆ. ಪ್ರೀತಿಯಿಂದ ಹೇಳಿದ ಈ ಮಾತು ಎಷ್ಟು ಮಕ್ಕಳನ್ನು ಕೊಂದಿದೆಯೋ. ಭೇದಿಯಲ್ಲಿ ಜೀವ ತೆಗೆಯುವುದು ಹೆಚ್ಚಾಗಿ ರೋಗಾಣುವಲ್ಲ, ಶರೀರದ ನೀರೂ ಉಪ್ಪೂ ಸೋರಿಹೋಗುವುದು. ೧೯೫೯ರಲ್ಲಿ ಕಲ್ಕತ್ತೆಯ ಶಂಭುನಾಥ ಡೇ ಅವರು ಕಾಲರಾದ ರೋಗಾಣು ಒಂದು ವಿಷವನ್ನು ಕಾರುತ್ತದೆಂದೂ ಆ ವಿಷದಿಂದ ಕರುಳು ನೀರು ಸುರಿಸುತ್ತದೆಂದೂ ತೋರಿಸಿಕೊಟ್ಟರು. ಕರುಳಿನ ಗೋಡೆ ಮಾತ್ರ ಹಾಳಾಗಿರುವುದಿಲ್ಲ. ಸಕ್ಕರೆಯೂ ಉಪ್ಪೂ ಜೊತೆಯಾಗಿ ಬಂದರೆ ಅದು ಎರಡನ್ನೂ ಒಳಗೆ ಸೆಳೆದುಕೊಳ್ಳುತ್ತದೆ, ಹಿಂದೆಯೇ ನೀರೂ ಒಳಗೆ ಹೋಗುತ್ತದೆ. ಬರಿಯ ನೀರಿಗೆ ಅಷ್ಟು ಸಾಗದು. ಸಕ್ಕರೆ ಉಪ್ಪಿನ ಕೈ ಹಿಡಿದರೆ ಬಾಗಿಲು ತೆರೆಯುತ್ತದೆ.

೧೯೭೧ರಲ್ಲಿ ಪೂರ್ವ ಬಂಗಾಳದ ನಿರಾಶ್ರಿತರು ಲಕ್ಷೋಪಲಕ್ಷ ಬಂದಾಗ ಬನಗಾಂವಿನ ಶಿಬಿರದಲ್ಲಿ ಕಾಲರಾ ಎದ್ದಿತು. ರಕ್ತನಾಳಕ್ಕೆ ಕೊಡುವ ಸಲೈನ್ ತೀರಿಹೋಯಿತು. ಡಾಕ್ಟರ್ ದಿಲೀಪ ಮಹಲನಬೀಸರು ಸಕ್ಕರೆ (ಗ್ಲೂಕೋಸು), ಉಪ್ಪು, ಅಡಿಗೆ ಸೋಡಾವನ್ನು ತೂಗಿ ಪೊಟ್ಟಣ ಕಟ್ಟಿಸಿ, ನೀರಿನಲ್ಲಿ ಕದಡಿ, ರೋಗಿಗಳ ಬಂಧುಗಳ ಕೈಯಿಂದಲೇ ಲೋಟದಲ್ಲಿ ಕುಡಿಸಿದರು. ನೂರಕ್ಕೆ ಮೂವತ್ತರಷ್ಟಿದ್ದ ಸಾವು ನಾಲ್ಕಕ್ಕಿಂತ ಕೆಳಗಿಳಿಯಿತು. ೨೦೨೨ರಲ್ಲಿ ತೀರಿಕೊಂಡ ಅವರಿಗೆ ೨೦೨೩ರಲ್ಲಿ ಮರಣೋತ್ತರ ಪದ್ಮವಿಭೂಷಣ ಸಂದಿತು.

ಆ ಪೊಟ್ಟಣವೇ ಇಂದಿನ ಓ.ಆರ್.ಎಸ್. ರೈಲು ಹತ್ತುವ ಪ್ರತಿ ಕುಟುಂಬದ ಚೀಲದಲ್ಲಿ ನಾಲ್ಕು ಪೊಟ್ಟಣಗಳಿರಲಿ. ಲೀಟರಿನ ಪೊಟ್ಟಣವಾದರೆ ಒಂದು ಲೀಟರಿನ ನೀರಿನ ಬಾಟಲಿಗೆ ಇಡಿಯಾಗಿ ಸುರಿಯಬೇಕು. ಅರ್ಧ ಪೊಟ್ಟಣ, ಅರ್ಧ ಲೋಟ ಎಂದು ಅಂದಾಜು ಮಾಡಬಾರದು. ಕದಡಿದ ಮೇಲೆ ಕುದಿಸಬಾರದು, ಒಂದು ದಿನಕ್ಕಿಂತ ಹೆಚ್ಚು ಇಡಬಾರದು. ಪೊಟ್ಟಣವಿಲ್ಲದಿದ್ದರೆ ಒಂದು ಲೀಟರು ಶುದ್ಧ ನೀರಿಗೆ ಬೆರಳಿನಿಂದ ಮಟ್ಟ ಮಾಡಿದ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಉಪ್ಪು ಹೆಚ್ಚಾದರೆ ಮಗುವಿಗೆ ಕೇಡು; ಕಣ್ಣೀರಿಗಿಂತ ಉಪ್ಪಾಗಿದ್ದರೆ ಚೆಲ್ಲಿಬಿಡಿ. ಪ್ರತಿ ಸಲ ಭೇದಿಯಾದ ಮೇಲೆ ಎರಡು ವರ್ಷದೊಳಗಿನ ಕೂಸಿಗೆ ಕಾಲು ಲೋಟದಿಂದ ಅರ್ಧ ಲೋಟ, ಅದಕ್ಕಿಂತ ದೊಡ್ಡ ಮಕ್ಕಳಿಗೆ ಅರ್ಧದಿಂದ ಒಂದು ಲೋಟ, ದೊಡ್ಡವರಿಗೆ ಬೇಕಾದಷ್ಟು. ವಾಂತಿಯಾದರೆ ಹತ್ತು ನಿಮಿಷ ತಡೆದು ಚಮಚ ಚಮಚವಾಗಿ ಮತ್ತೆ ಕೊಡಿ. ಮೊಲೆಹಾಲು ನಿಲ್ಲಿಸಬೇಡಿ. ಉಪ್ಪು ಹಾಕಿದ ಗಂಜಿ ತಿಳಿ, ಮೆತ್ತನೆಯ ಅನ್ನ, ಬಾಳೆಹಣ್ಣು ಸಾಗಲಿ, ಉಪವಾಸ ಹಾಕಬೇಡಿ. ಮಕ್ಕಳಿಗೆ ಸತುವಿನ ಮಾತ್ರೆಯನ್ನೂ ಸರಕಾರಿ ಆಸ್ಪತ್ರೆಯಲ್ಲಿ ಕೊಡುತ್ತಾರೆ. ಭೇದಿ ನಿಂತಿತೆಂದು ಬಿಡದೆ ಹೇಳಿದಷ್ಟು ದಿನವೂ ನುಂಗಿಸಬೇಕು.

ಅಂಗಡಿಯಲ್ಲಿ ಕೊಳ್ಳುವಾಗ ಎಚ್ಚರ. ಹಣ್ಣಿನ ರಸದಂಥ ಸಿಹಿ ಪಾನೀಯಗಳ ಮೇಲೆ ಓ.ಆರ್.ಎಸ್. ಎಂದು ಅಚ್ಚು ಹಾಕಿ ಬಹುಕಾಲ ಮಾರುತ್ತಿದ್ದರು. ೨೦೨೫ರ ಅಕ್ಟೋಬರಿನಲ್ಲಿ ಸರಕಾರದ ಆಹಾರ ಸುರಕ್ಷತಾ ಪ್ರಾಧಿಕಾರ ಅದನ್ನು ನಿಷೇಧಿಸಿತು. ಅತಿ ಸಿಹಿ ಪಾನೀಯ ಭೇದಿಯನ್ನು ಹೆಚ್ಚಿಸುತ್ತದೆ. ಪೊಟ್ಟಣದ ಮೇಲೆ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ ಎಂದಿರುವ ಪುಡಿಯನ್ನೇ ಕೇಳಿ ಪಡೆಯಿರಿ.

ಭೇದಿ ನಿಲ್ಲಿಸುವ ಮಾತ್ರೆಯನ್ನು ಪಕ್ಕದ ಸೀಟಿನವರು ಕೊಟ್ಟರೆಂದು ಮಕ್ಕಳಿಗೆ ಕೊಡಬೇಡಿ. ರಕ್ತವಿದ್ದರೆ, ಜ್ವರವಿದ್ದರೆ ದೊಡ್ಡವರೂ ನುಂಗಬಾರದು. ಒಳಗಿನದು ಹೊರಗೆ ಹೋಗಲು ಬಿಡದೆ ಕಟ್ಟಿಹಾಕಿದಂತಾಗುತ್ತದೆ. ಮಲದಲ್ಲಿ ರಕ್ತ ಕಂಡರೆ, ಆರೆಂಟು ಗಂಟೆ ಮೂತ್ರವಾಗದಿದ್ದರೆ, ಕಣ್ಣು ಗುಳಿ ಬಿದ್ದರೆ, ಹೊಟ್ಟೆಯ ಚರ್ಮವನ್ನು ಚಿವುಟಿ ಬಿಟ್ಟಾಗ ಮೆಲ್ಲನೆ ಮರಳಿದರೆ, ಮಗು ಕುಡಿಯಲಾರದೆ ತೂಗತೊಡಗಿದರೆ, ಅಕ್ಕಿ ತೊಳೆದ ನೀರಿನಂತೆ ಧಾರೆಯಾಗಿ ಹೋದರೆ ಊರು ಮುಟ್ಟಲಿ ಎಂದು ಕಾಯಬೇಡಿ. ರೈಲಿನಲ್ಲಿದ್ದರೆ ೧೩೯ಕ್ಕೆ ಫೋನು ಮಾಡಿ ಅಥವಾ ಟಿಕೀಟು ತನಿಖೆಯವರಿಗೆ ಹೇಳಿ. ಮುಂದಿನ ದೊಡ್ಡ ನಿಲ್ದಾಣಕ್ಕೆ ವೈದ್ಯರನ್ನು ಕರೆಸುವ ಏರ್ಪಾಡು ಉಂಟು. ಇಳಿದ ಮೇಲಾದರೆ ಗುಜರಾತಿನಲ್ಲಿಯೂ ಕರ್ನಾಟಕದಲ್ಲಿಯೂ ಆಂಬುಲೆನ್ಸಿಗೆ ೧೦೮. ಭಾಷೆ ಬಾರದವರು “ಝಾಡಾ-ಉಲ್ಟಿ” ಎಂಬ ಎರಡು ಮಾತು ಹೇಳಿದರೆ ಗುಜರಾತಿನ ಯಾವ ಆಸ್ಪತ್ರೆಯಲ್ಲಿಯೂ ತಿಳಿಯುತ್ತದೆ.

ರಜೆಗೆ ಹೊರಡುವ ಸದಸ್ಯರಿಗೆಂದು ನಮ್ಮ ವಾಚನಾಲಯದ ದಿನಪತ್ರಿಕೆಗಳ ಮೇಜಿನ ಎಡಗಡೆಯ ಕಪಾಟಿನಲ್ಲಿ ಓ.ಆರ್.ಎಸ್. ಪೊಟ್ಟಣಗಳನ್ನೂ ಕ್ಲೋರಿನ್ ಮಾತ್ರೆಗಳನ್ನೂ ಇಟ್ಟಿದೆ. ಬೆಲೆಯಿಲ್ಲ. ಎಷ್ಟು ಒಯ್ದಿರೆಂದು ಪುಸ್ತಕ ಎರವಲಿನ ವಹಿಯ ಕೊನೆಯ ಹಾಳೆಯಲ್ಲಿ ಬರೆದರೆ ತೀರುವ ಮೊದಲೇ ತರಿಸಲು ಅನುಕೂಲವಾಗುತ್ತದೆ.